ಕೆರೆಯ ಲೆಕ್ಕ, ಕಂಪೆನಿಯ ಲೆಕ್ಕ

ಹೊಯ್ಸಳರ ಕಾಲದಲ್ಲಿ ಹಳೇಬೀಡಿನ ಹೆಸರು ದ್ವಾರಸಮುದ್ರ. ರಾಜಧಾನಿಗೆ ಆ ಹೆಸರು ದೊರೆತದ್ದು ಅರಮನೆಯಿಂದಲ್ಲ, ಕೆರೆಯಿಂದ. 2023ರಲ್ಲಿ ಯುನೆಸ್ಕೊ ಇಲ್ಲಿನ ದೇಗುಲವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಾಡು ಶಿಲ್ಪವನ್ನು ಕೊಂಡಾಡಿತು. ಉಳಿ ಹಿಡಿದ ಕೈಗಳಿಗೆ ಅನ್ನ-ನೀರು ಕೊಟ್ಟ ಕೆರೆಯನ್ನು ಎಷ್ಟು ಮಂದಿ ನೆನೆದರು?

ಈ ಕೆರೆಯ ಏರಿಯ ಮೇಲೆ ನಿಂತೇ ನಾವು ಕಂಪೆನಿಗಳ ಹೊಸ ಪ್ರಕೃತಿಪ್ರೇಮವನ್ನು ಪ್ರಶ್ನಿಸಬಯಸುತ್ತೇವೆ. 2013ರ ಕಂಪೆನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕು. ಆ ಹಣದಿಂದ ಕೆರೆಯ ಹೂಳೆತ್ತಬಹುದು, ಗಿಡ ನೆಡಬಹುದು. ಒಳ್ಳೆಯದೇ. ಆದರೆ ಆ ಲಾಭ ಯಾರ ನೀರಿನಿಂದ, ಯಾರ ನೆಲದಿಂದ ಬಂತೆಂದು ಈ ಕಲಮು ಕೇಳುವುದಿಲ್ಲ.

ಕೇರಳದ ಪ್ಲಾಚಿಮಡದಲ್ಲಿ ಅಂತರ್ಜಲ ಹೀರುತ್ತಿದ್ದ ಕೋಕಾಕೋಲಾ ಕಾರ್ಖಾನೆ ಜನರ ಹೋರಾಟದ ಫಲವಾಗಿ 2004ರಲ್ಲಿ ಮುಚ್ಚಿತು. 2007ರಲ್ಲಿ ಅದೇ ಕಂಪೆನಿ, ಪಾನೀಯಗಳಿಗೆ ಬಳಸಿದಷ್ಟು ನೀರನ್ನು ಪ್ರಕೃತಿಗೆ ಮರಳಿಸುವುದಾಗಿ ಜಗತ್ತಿಗೆ ಸಾರಿತು. 2010ರಲ್ಲಿ ಕೇರಳ ಸರಕಾರದ ಉನ್ನತಾಧಿಕಾರ ಸಮಿತಿ ಪ್ಲಾಚಿಮಡದ ನಷ್ಟವನ್ನು 216 ಕೋಟಿ ರೂಪಾಯಿಗೂ ಅಧಿಕವೆಂದು ಅಂದಾಜಿಸಿತು. ವಾಗ್ದಾನ ಲೋಕಕ್ಕೆ, ನಷ್ಟ ಒಂದೂರಿಗೆ!

ನೀರು ಬ್ಯಾಂಕಿನ ಠೇವಣಿಯಲ್ಲ. ಒಂದೂರಿನಲ್ಲಿ ಸೇದಿ ಇನ್ನೊಂದೂರಿನಲ್ಲಿ ಜಮಾ ಮಾಡಲಾಗದು. ಬತ್ತಿದ ಬಾವಿಗೆ ವಾರ್ಷಿಕ ವರದಿ ಒರತೆಯಾಗದು.

ಆದ್ದರಿಂದ ಕೊಳವೆಬಾವಿ ಯಾವ ಊರಿನಲ್ಲಿದೆಯೋ ಅದರ ಲೆಕ್ಕವೂ ಅದೇ ಊರಿನ ಗ್ರಾಮಸಭೆಯ ಮುಂದೆ ಬರಲಿ. ಎಷ್ಟು ಸೇದಿದಿರಿ, ಎಷ್ಟು ಇಂಗಿಸಿದಿರಿ? ಇದಕ್ಕೆ ಉತ್ತರಿಸಲಾರದವರು ಪರಿಸರ ದಿನದಂದು ಸಸಿ ಹಿಡಿದು ಫೋಟೊಕ್ಕೆ ನಿಲ್ಲುವುದನ್ನಾದರೂ ನಿಲ್ಲಿಸಲಿ.