ಡಿಸ್ಕ್ ಕಮಲಾಪುರದಾಗ ಯಾಕ್ ಇಟ್ಟೀರಿ?

ನಮ್ಮ ಮನೆಯ ಕಂಪ್ಯೂಟರಿನಲ್ಲಿರುವ ಎಲ್ಲದರ ಒಂದು ಪ್ರತಿ ಕಮಲಾಪುರದಲ್ಲಿ, ಅಕ್ಕನ ಮನೆಯ ಅಲಮಾರಿಯಲ್ಲಿದೆ. ಕಲಬುರಗಿಯ ಗೆಳೆಯರಿಗೆ ಇದು ಅತಿಯಾಯಿತು ಅನ್ನಿಸಿದೆ. ಅವರ ಆಕ್ಷೇಪಗಳಿಗೆ ಉತ್ತರ ಕೊಡುವುದು ನನ್ನ ಕರ್ತವ್ಯ.

“ಎಲ್ಲಾ ಗೂಗಲ್ ಡ್ರೈವ್‌ದಾಗ ಅದರಿ, ಮತ್ತ ಡಿಸ್ಕ್ ಯಾಕ್ ಬೇಕು?” ಡ್ರೈವ್ ಬೇಡ ಅಂತ ನಾನು ಹೇಳುವುದಿಲ್ಲ, ನನ್ನ ಇನ್ನೊಂದು ಪ್ರತಿ ಅಲ್ಲೇ ಇದೆ. ಆದರೆ ಸಿಂಕ್ ಆಗುವ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ 30 ದಿನ ಉಳಿದೀತು, ಅಷ್ಟೇ. ಮಕ್ಕಳು ಜೂನ್‌ನಲ್ಲಿ ಅಳಿಸಿದ ಫೋಟೊ ದೀಪಾವಳಿಗೆ ನೆನಪಾದರೆ ಎಲ್ಲಿ ಹುಡುಕುತ್ತೀರಿ? ಪುಕ್ಕಟೆ ಸಿಗುವ 15 ಜಿಬಿಯಲ್ಲೇ ಜಿಮೇಲೂ ಸೇರಿದೆ. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ತೀರಿಕೊಂಡ ಹಿರಿಯರ ಖಾತೆಯಲ್ಲಿ ಫೋಟೊಗಳಿದ್ದರೆ ಈಗಲೇ ಇಳಿಸಿಕೊಳ್ಳಿ.

“ಡಿಸ್ಕ್ ಕಂಪ್ಯೂಟರಿಗೇ ಹಚ್ಚಿಟ್ಟೀನಿ, ತಾನೇ ಕಾಪಿ ಆಗ್ತದ.” ಅನುಕೂಲವೇನೋ ನಿಜ. ಆದರೆ 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ಎಂಬ ಕುತಂತ್ರಾಂಶ, ಕಂಪ್ಯೂಟರಿಗೆ ಹಚ್ಚಿದ್ದ ಡಿಸ್ಕುಗಳ ಕಡತಗಳಿಗೂ ಬೀಗ ಜಡಿದು ಹಣ ಕೇಳಿತು. ಕಳ್ಳ ಬಂದರೂ, ಸಿಡಿಲು ಬಡಿದರೂ ಒಂದೇ ಮೇಜಿನ ಮೇಲಿರುವ ಎರಡೂ ಹೋಗುತ್ತವೆ. ನಮ್ಮ ಬಿಸಿಲನ್ನೂ ಮರೆಯಬಾರದು. ಹಲವು ಹಾರ್ಡ್ ಡಿಸ್ಕುಗಳಿಗೆ ತಯಾರಕರೇ ಹಾಕಿರುವ ಬಳಕೆಯ ಮಿತಿ 35 ಡಿಗ್ರಿ, ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ 42 ದಾಟುವುದು ಹೊಸದಲ್ಲ. ಅದಕ್ಕೇ ನಾನು ನಸುಕಿನಲ್ಲೇ ಹಚ್ಚಿ, ಕಾಪಿ ಮುಗಿಸಿ, ಬಿಚ್ಚಿಡುತ್ತೇನೆ.

“ಪಹಣಿ ಸರ್ಕಾರದ ‘ಭೂಮಿ’ದಾಗ ಅದ, ಮಾರ್ಕ್ಸ್ ಕಾರ್ಡ್ ಡಿಜಿಲಾಕರ್‌ದಾಗ ಸಿಗ್ತದ.” ಒಪ್ಪಿದೆ, ಅವುಗಳ ಚಿಂತೆ ನನಗೂ ಇಲ್ಲ. ಆದರೆ ಜೋಳದ ರೊಟ್ಟಿ ಬಡಿಯುತ್ತ ಅವ್ವ ಹಾಡಿದ ಹಾಡಿನ ರೆಕಾರ್ಡಿಂಗ್ ಯಾವ ಸರ್ಕಾರದ ಸರ್ವರಿನಲ್ಲೂ ಇಲ್ಲ.

“ಒಮ್ಮೆ ಕಾಪಿ ಮಾಡೀವಿ, ಸಾಕಲ್ರಿ.” ನನಗೆ ಹೆಚ್ಚು ಭಯ ಹುಟ್ಟಿಸುವ ಮಾತು ಇದೇ. ತಂತ್ರಜ್ಞರೇ ತುಂಬಿದ ಗಿಟ್‌ಲ್ಯಾಬ್ ಕಂಪನಿಯಲ್ಲಿ 2017ರ ಜನವರಿ 31ರಂದು ಒಬ್ಬ ಎಂಜಿನಿಯರ್ ತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಬ್ಯಾಕಪ್ ಇಟ್ಟಿದ್ದ ಜಾಗ ನೋಡಿದರೆ ಖಾಲಿ! ನಿತ್ಯದ ಬ್ಯಾಕಪ್ ವಿಫಲವಾಗುತ್ತಿದ್ದುದು ಯಾರ ಗಮನಕ್ಕೂ ಬಂದಿರಲಿಲ್ಲ. ಆರು ತಾಸು ಮೊದಲು ಕೈಯಿಂದ ತೆಗೆದಿಟ್ಟಿದ್ದ ಒಂದು ಪ್ರತಿ ಅವರನ್ನು ಕಾಪಾಡಿತು.

ನನ್ನ ಅನುಭವವೂ ಕೇಳಿ. ಅಪ್ಪ ನಿವೃತ್ತರಾದ ಮೇಲೆ ಊರಿನ ಕಥೆಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರು. ಡಿಸ್ಕನ್ನು ಅಕ್ಕನ ಕಂಪ್ಯೂಟರಿಗೆ ಹಚ್ಚಿ ಕಡತ ತೆರೆದೆವು. ಕನ್ನಡದ ಒಂದಕ್ಷರವೂ ಇಲ್ಲ, ಪರದೆ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅಕ್ಕನ ಮುಖ ಬಾಡಿತು. ಕಡತ ಕೆಟ್ಟಿರಲಿಲ್ಲ, ಆ ಕಂಪ್ಯೂಟರಿನಲ್ಲಿ ನುಡಿಯ ಹಳೆಯ ಫಾಂಟ್ ಇರಲಿಲ್ಲ. ಕಡತ ಉಳಿಸಿದ್ದೆ, ಅದನ್ನು ಓದಿಸುವ ಫಾಂಟನ್ನು ಬಿಟ್ಟಿದ್ದೆ. ಈಗ ಫಾಂಟೂ ಡಿಸ್ಕಿನಲ್ಲಿದೆ, ಕಥೆಗಳು ಯೂನಿಕೋಡಿಗೂ ಬದಲಾಗಿವೆ. ಅಂದು ತೆರೆದು ನೋಡದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

“ಮಂದಿ ಮನ್ಯಾಗ ಇಟ್ರ ಯಾರರ ನೋಡಿದ್ರ?” ಡಿಸ್ಕಿಗೆ ಪಾಸ್‌ವರ್ಡ್ ಹಾಕಿದ್ದೇನೆ. ಅದನ್ನು ಬರೆದ ಚೀಟಿ ನಮ್ಮ ಮನೆಯಲ್ಲಿದೆ, ಎಲ್ಲಿದೆ ಎಂಬುದು ಮನೆಯವರಿಗೂ ಗೊತ್ತು. ಖರ್ಚು ಎರಡು ಡಿಸ್ಕಿನದು. ಹಬ್ಬಕ್ಕೆ ಕಮಲಾಪುರಕ್ಕೆ ಹೋದಾಗ ಹೊಸ ಪ್ರತಿ ಇಟ್ಟು, ಹಳೆಯ ಡಿಸ್ಕು, ಅಲ್ಲಿನ ಕೆಂಪು ಬಾಳೆಹಣ್ಣು ತರುತ್ತೇವೆ.

ಇವತ್ತೇ ನಿಮ್ಮ ಬ್ಯಾಕಪ್‌ನಿಂದ ಒಂದು ಫೋಟೊ, ಒಂದು ಕನ್ನಡ ಕಡತವನ್ನು ಬೇರೆಯವರ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದಿದ್ದರೆ, ಮೂಲ ಇನ್ನೂ ಕೈಯಲ್ಲಿರುವಾಗಲೇ ಸರಿಪಡಿಸಿಕೊಳ್ಳಿ.