ಬೈಯುವ ಮೊದಲು ಮೂಗು ನೋಡೋಣ



ನಿಮ್ಮ ವರ್ಗದಲ್ಲಿ ಯಾವಾಗಲೂ ಬಾಯಿ ತೆರೆದುಕೊಂಡೇ ಕೂಡುವ ಒಬ್ಬ ಗೆಳೆಯನೋ ಗೆಳತಿಯೋ ಇರಬಹುದು. ಮೂಗು ಸದಾ ಕಟ್ಟಿರುತ್ತದೆ, ಎರಡನೇ ತಾಸಿಗೇ ತೂಕಡಿಕೆ ಶುರು. ಅಂಥ ಒಬ್ಬ ಹುಡುಗನಿಗೆ ನಾನೇ ಒಮ್ಮೆ "ರಾತ್ರಿಯೆಲ್ಲಾ ಮೊಬೈಲ್ ನೋಡ್ತೀಯೇನಪಾ?" ಅಂತ ಬೈದಿದ್ದೆ. ಪಾಪ, ತಲೆ ತಗ್ಗಿಸಿ ನಿಂತ. ಮರುದಿನ ಅವನ ಅವ್ವ ಸಾಲಿಗೆ ಬಂದು, "ಸರ್, ರಾತ್ರಿ ಮೂಗ ಕಟ್ಟಿ ಗೊರಕಿ ಹೊಡೀತಾನ್ರೀ, ನಾಕೈದು ಸಲ ಎದ್ದು ಕೂಡ್ತಾನ" ಎಂದರು. ನನಗೆ ನಾಚಿಕೆಯಾಯಿತು. ಅವನು ಸೋಮಾರಿ ಅಲ್ಲ, ಅವನಿಗೆ ನಿದ್ದೆಯೇ ಸಾಲುತ್ತಿರಲಿಲ್ಲ.

ನಮ್ಮ ಕರಜಗಿ, ಜತ್ತ ಸೀಮೆ ಮಳೆ ಕಡಿಮೆಯ ನಾಡು. ಜೋಳದ ರಾಶಿಯ ಕಾಲಕ್ಕೆ ಏಳುವ ಹೊಟ್ಟು, ಬೇಸಿಗೆಯ ಧೂಳು, ಒಲೆಯ ಹೊಗೆ ಎಲ್ಲವೂ ಮೊದಲು ತಾಗುವುದು ಮೂಗಿಗೆ. ಮೂಗಿನ ಒಳಗೋಡೆಯ ಮೇಲೆ ಅಂಟು ಸಿಂಬಳದ ತೆಳು ಪದರವಿದೆ. ಧೂಳು, ರೋಗಾಣು ಅದಕ್ಕೆ ಅಂಟಿಕೊಳ್ಳುತ್ತವೆ. ಸಿಲಿಯಾ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳು ಆ ಪದರವನ್ನು ಮೆಲ್ಲಗೆ ಗಂಟಲ ಕಡೆಗೆ ದೂಡುತ್ತಿರುತ್ತವೆ. ನೆಗಡಿಯಲ್ಲಿ ಒಳಗೋಡೆ ಬಾತುಕೊಳ್ಳುತ್ತದೆ, ಸಿಂಬಳ ಗಟ್ಟಿಯಾಗುತ್ತದೆ, ದಾರಿ ಬಂದ್ ಆಗುತ್ತದೆ.

ಆಗ ನಾವೇನು ಮಾಡ್ತೀವಿ? ಮೆಡಿಕಲ್ ಅಂಗಡಿಗೆ ಹೋಗಿ ಮೂಗು ಬಿಡಿಸುವ ಔಷಧಿ ಹನಿ ತರುತ್ತೇವೆ. ಝೈಲೋಮೆಟಜೋಲಿನ್ ಅಂಥ ಹನಿಗಳು ಕೂಡಲೇ ಮೂಗು ಬಿಡಿಸುವುದು ನಿಜ. ಆದರೆ ಕೆಲವೇ ದಿನಕ್ಕೆ ನಿಲ್ಲಿಸದಿದ್ದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ನನ್ನ ಅಭಿಪ್ರಾಯ ಇಷ್ಟೇ: ಸಾಧಾರಣ ನೆಗಡಿಗೆ, ಕಟ್ಟಿದ ಮೂಗಿಗೆ ಮೊದಲ ಸರದಿ ಉಪ್ಪುನೀರಿಗೆ ಸಿಗಬೇಕು. ಆದರೆ ಅಳೆದು ಮಾಡಿದ, ಶುದ್ಧವಾದ ಉಪ್ಪುನೀರಿಗೆ ಮಾತ್ರ.

ಉಪ್ಪೇ ಯಾಕೆ? ಬಾವಿಯಲ್ಲಿ ಈಜುವಾಗ ಮೂಗಿಗೆ ನೀರು ಹೊಕ್ಕು ಚುರ್ ಅಂದದ್ದು ನೆನಪಿದೆಯೇ? ಅತ್ತಾಗ ಕಣ್ಣೀರು ಕೂಡ ಸಣ್ಣ ನಾಳದಿಂದ ಮೂಗಿಗೇ ಇಳಿಯುತ್ತದೆ, ಆದರೆ ಉರಿಯುವುದಿಲ್ಲ. ಕಣ್ಣೀರಿನಲ್ಲಿ ನಮ್ಮ ರಕ್ತದಲ್ಲಿರುವಷ್ಟೇ ಲವಣ ಇರುವುದೇ ಇದಕ್ಕೆ ಕಾರಣ. ಸಪ್ಪೆ ನೀರು ಜೀವಕೋಶದೊಳಗೆ ನುಗ್ಗಿ ಅದನ್ನು ಉಬ್ಬಿಸುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಿ ನೋಡ್ರಿ. ನಮ್ಮ ಸಾಂಗಲಿ ಜಿಲ್ಲೆ ಬೇದಾಣಾಕ್ಕೆ, ಅಂದರೆ ಒಣದ್ರಾಕ್ಷಿಗೆ, ಹೆಸರುವಾಸಿ. ಒಂದು ಬಟ್ಟಲು ಸಪ್ಪೆ ನೀರಿನಲ್ಲಿ, ಇನ್ನೊಂದು ಬಟ್ಟಲು ಕರಗುವಷ್ಟೂ ಉಪ್ಪು ಹಾಕಿದ ನೀರಿನಲ್ಲಿ ಐದೈದು ಒಣದ್ರಾಕ್ಷಿ ಹಾಕಿ ರಾತ್ರಿಯಿಡೀ ಬಿಡಿ. ಸಪ್ಪೆ ನೀರಿನವು ದುಂಡಗೆ ಉಬ್ಬುತ್ತವೆ, ಉಪ್ಪಿನವು ಅಷ್ಟು ಉಬ್ಬುವುದಿಲ್ಲ. ಇದೇ ಅಭಿಸರಣ. ನೂರಕ್ಕೆ 0.9 ಪಾಲು ಉಪ್ಪಿನ ನೀರು ನಮ್ಮ ದೇಹದ ನೀರಿಗೆ ಸರಿಸಮ. ಅದಕ್ಕೇ ಅದು ಉರಿಸದೆ ಸಿಂಬಳವನ್ನು ಸಡಿಲಿಸುತ್ತದೆ.

ಇದು ಬರೀ ಅಜ್ಜಿಮದ್ದಲ್ಲ. ಸ್ಕಾಟ್ಲೆಂಡಿನಲ್ಲಿ ಆರು ವರ್ಷದವರೆಗಿನ 407 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2024ರ ಸೆಪ್ಟೆಂಬರಿನಲ್ಲಿ ಹೊರಬಂತು. ನೆಗಡಿ ಬಂದಾಗ ಉಪ್ಪುನೀರಿನ ಹನಿ ಹಾಕಿಸಿಕೊಂಡ ಮಕ್ಕಳಿಗೆ ಅದು ಸರಾಸರಿ 6 ದಿನ ಇತ್ತು, ಉಳಿದವರಿಗೆ 8 ದಿನ. ಆಸ್ಟ್ರೇಲಿಯಾದ ಸಂಶೋಧಕರು ನಿದ್ದೆಯಲ್ಲಿ ಗೊರಕೆ ಹೊಡೆಯುವ, ಉಸಿರಿಗೆ ಕಷ್ಟಪಡುವ 3ರಿಂದ 12 ವರ್ಷದ 276 ಮಕ್ಕಳನ್ನು ಎರಡು ಗುಂಪು ಮಾಡಿ, ಆರು ವಾರ ಒಂದು ಗುಂಪಿಗೆ ಸ್ಟೀರಾಯ್ಡ್ ಸ್ಪ್ರೇ, ಇನ್ನೊಂದಕ್ಕೆ ಬರೀ ಉಪ್ಪುನೀರಿನ ಸ್ಪ್ರೇ ಕೊಟ್ಟರು. ತೊಂದರೆ ಹೋದದ್ದು ಸ್ಟೀರಾಯ್ಡ್ ಗುಂಪಿನಲ್ಲಿ ನೂರಕ್ಕೆ 44 ಮಕ್ಕಳಿಗೆ, ಉಪ್ಪುನೀರಿನ ಗುಂಪಿನಲ್ಲಿ 41 ಮಕ್ಕಳಿಗೆ. ಹೆಚ್ಚುಕಡಿಮೆ ಸಮ! ಇಲ್ಲೊಂದು ಪ್ರಶ್ನೆ ನೀವು ಕೇಳಬೇಕು: "ಏನೂ ಹಾಕದ ಗುಂಪು ಇತ್ತೇನ್ರೀ?" ಇರಲಿಲ್ಲ. ಅಂದರೆ ಕೆಲವರು ತಾವಾಗಿಯೇ ಗುಣವಾಗಿರಲೂಬಹುದು. ಹೀಗೆ ಕೇಳುವುದನ್ನು ಕಲಿತರೆ ನೀವು ಅರ್ಧ ವಿಜ್ಞಾನ ಕಲಿತಂತೆ.

"ಇದು ನಮ್ಮ ಯೋಗದಾಗ ಮೊದಲಿಂದ ಐತಿ" ಎನ್ನುವವರೂ ಉಂಟು. ನಿಜ, ಜಲನೇತಿ ನಮಗೆ ಹೊಸದಲ್ಲ. ಆದರೆ ಸ್ವಾತ್ಮಾರಾಮನ ಹಠಪ್ರದೀಪಿಕೆಯಲ್ಲಿ ಹೇಳಿದ ನೇತಿ ನೀರಿನದಲ್ಲ, ದಾರದ್ದು. ಹಳೆಯದು ಅಂತ ಕಣ್ಣು ಮುಚ್ಚಿ ನಂಬುವುದೂ ಬೇಡ, ಹಳೆಯದು ಅಂತ ತೆಗೆದು ಹಾಕುವುದೂ ಬೇಡ. ಪರೀಕ್ಷಿಸಿ ನೋಡೋಣ.

ಈಗ ಮುಖ್ಯವಾದ ಮಾತು. ವರ್ಗದಲ್ಲಿ ಇದನ್ನು ಹೇಳಿದಾಗ ಒಬ್ಬ ಎದ್ದು, "ಸರ್, ನಮ್ಮ ಬೋರಿನ ನೀರೇ ಸವಳು ಐತಿ, ಅದನ್ನೇ ಹಾಕ್ಕೊಂಡ್ರ ಆತಲ್ರೀ!" ಎಂದ. ಎಲ್ಲರೂ ನಕ್ಕರು. ಆದರೆ ಇದು ನಗುವ ವಿಷಯವಲ್ಲ. ಸವಳು ನೀರಿನಲ್ಲಿ ಬೇರೆ ಬೇರೆ ಲವಣಗಳಿವೆ, ಅವುಗಳ ಅಳತೆ ನಮಗೆ ಗೊತ್ತಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಸೂಕ್ಷ್ಮಜೀವಿಗಳದು. ಬೆಚ್ಚಗಿನ ಸಿಹಿನೀರಿನಲ್ಲಿ ನೇಗ್ಲೇರಿಯಾ ಎಂಬ ಅಮೀಬಾ ಇರಬಹುದು. ಕುಡಿದರೆ ಅದರಿಂದ ಈ ರೋಗ ಬರುವುದಿಲ್ಲ, ಮೂಗಿನಿಂದ ಒಳಹೊಕ್ಕರೆ ಮಿದುಳಿಗೆ ಹೋಗುತ್ತದೆ. ಈ ರೋಗ ತೀರ ಅಪರೂಪ, ಬಂದರೆ ಬಹುಪಾಲು ಸಾವೇ. 2024ರಲ್ಲಿ ಕೇರಳದಲ್ಲಿ ಮಕ್ಕಳು ಇದರಿಂದ ತೀರಿಕೊಂಡರು. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಳದ ನೀರಿನಿಂದ ಮೂಗು ತೊಳೆದುಕೊಂಡ ಇಬ್ಬರು ಸತ್ತರು. ಅದಕ್ಕೇ ಟ್ಯಾಂಕರ್ ನೀರಾಗಲಿ, ಬೋರಿನದಾಗಲಿ, ನಳದ್ದಾಗಲಿ, ಬಟ್ಟೆಯಿಂದ ಸೋಸಿದರೆ ಸಾಲದು. ಕೊತಕೊತ ಕುದಿಯಲು ಶುರುವಾದ ಮೇಲೆ ಕಡಿಮೆಯೆಂದರೂ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಲೇಬೇಕು.

ಅಳತೆ ಹೀಗೆ: ಕುದಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ತಲೆ ಸವರಿದ ಒಂದೂವರೆ ಚಹಾ ಚಮಚ. ಪಾತ್ರೆ ಸ್ವಚ್ಛವಿರಲಿ, ನಾಳೆಗೆ ಹೊಸದನ್ನೇ ಮಾಡಿ. ಇಷ್ಟೆಲ್ಲ ಆಗದಿದ್ದರೆ ಮೆಡಿಕಲ್‌ನಲ್ಲಿ ಸಿಗುವ ಸಲೈನ್ ಹನಿಯೇ ಒಳ್ಳೆಯದು. ನೀವೊಬ್ಬರೇ ಮಾಡಬೇಡಿ, ಹಿರಿಯರು ಜೊತೆಗಿರಲಿ. ಮನೆಯ ಕೂಸಿಗೆ ಡಾಕ್ಟರನ್ನು ಕೇಳದೆ ಹಾಕಬೇಡಿ.

ಉಪ್ಪುನೀರು ಎಲ್ಲಕ್ಕೂ ಮದ್ದಲ್ಲ. ಉಸಿರಾಡುವಾಗ ಪಕ್ಕೆ ಒಳಗೆ ಎಳೆದರೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬಂದರೆ, ಜ್ವರ ಬಿಡದಿದ್ದರೆ, ಕಿವಿ ನೋವಿದ್ದರೆ, ಒಂದೇ ಹೊಳ್ಳೆಯಿಂದ ವಾಸನೆಯ ಸಿಂಬಳ ಬಂದರೆ ನೇರವಾಗಿ ದವಾಖಾನೆಗೆ ಹೋಗಬೇಕು. ಆ ಹುಡುಗನ ಅವ್ವನಿಗೂ ನಾನು ಮೊದಲು ಹೇಳಿದ್ದು ಇದನ್ನೇ: "ಡಾಕ್ಟರಿಗೆ ಒಮ್ಮೆ ತೋರಿಸ್ರಿ."

ಇನ್ನು ನಿಮ್ಮಿಂದ ಒಂದು ಕೆಲಸ ಆಗಬೇಕು. ಬಾಯಿ ತೆರೆದು ಕೂಡುವ ಗೆಳೆಯನಿಗೆ ಅಡ್ಡಹೆಸರು ಇಡಬೇಡಿ. "ರಾತ್ರಿ ನಿದ್ದೆ ಬರ್ತೈತೇನೋ?" ಅಂತ ಕೇಳಿ, ನಿಮ್ಮ ಗುರುಗಳಿಗೆ ಹೇಳಿ. ಬೈಯುವ ಮೊದಲು ಮೂಗು ನೋಡುವುದನ್ನು ನಾವು ಗುರುಗಳೂ ಕಲಿಯುತ್ತೇವೆ.