ಜಾಗವಿದ್ದೂ ಮುಚ್ಚಿದ ನದಿ

ಥೀಮ್ ಪಾರ್ಕ್‌ಗೆ ಹೊಸ ಆಕರ್ಷಣೆ ಬರುವುದು ಎರಡು ದಾರಿಯಲ್ಲಿ. ಪಕ್ಕದ ಖಾಲಿ ಜಾಗಕ್ಕೆ ಪಾರ್ಕ್ ಹಿಗ್ಗಬೇಕು, ಇಲ್ಲವೇ ಒಳಗಿರುವ ಯಾವುದನ್ನಾದರೂ ಕೆಡವಬೇಕು. ಅಮೆರಿಕದ ಫ್ಲಾರಿಡಾದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್ ಈಚೆಗೆ ಎರಡನೆಯ ದಾರಿ ಹಿಡಿದಿದೆ. ಅಲ್ಲಿನ ಮ್ಯಾಜಿಕ್ ಕಿಂಗ್‌ಡಮ್ 1971ರಲ್ಲಿ ತೆರೆದಾಗಿನಿಂದ ಇದ್ದ ‘ರಿವರ್ಸ್ ಆಫ್ ಅಮೆರಿಕ’ ಎಂಬ ಕೃತಕ ನದಿ, ಅದರ ನಡುವಿನ ಟಾಮ್ ಸಾಯರ್ ದ್ವೀಪ, ನದಿಯನ್ನು ಸುತ್ತುತ್ತಿದ್ದ ಹಬೆದೋಣಿ ಮೂರಕ್ಕೂ 2025ರ ಜುಲೈ 6 ಕೊನೆಯ ದಿನವಾಯಿತು. ಆ ಜಾಗದಲ್ಲಿ ‘ಕಾರ್ಸ್’ ಸಿನಿಮಾಗಳ ವಲಯ ಏಳಲಿದೆ.

ಕೆಡವಿ ಕಟ್ಟುವುದರ ಹಿಂದೆ ಲೆಕ್ಕಾಚಾರವಿದೆ. ಹೊಸ ಜಾಗಕ್ಕೆ ನೀರು, ವಿದ್ಯುತ್, ಚರಂಡಿ, ಶೌಚಾಲಯ, ಕಾಲುದಾರಿ ಎಲ್ಲವನ್ನೂ ಮೊದಲಿನಿಂದ ಒದಗಿಸಬೇಕು. ಫ್ಲಾರಿಡಾದ ಜೌಗು ನೆಲದಲ್ಲಿ ಇದು ಇನ್ನೂ ದುಬಾರಿ. ಅದಕ್ಕಿಂತ ಭಾರವಾದದ್ದು ದಿನದ ಖರ್ಚು: ಹಳೆಯ ರೈಡ್‌ಗಳ ಜೊತೆಗೆ ಒಂದು ಹೊಸ ರೈಡ್ ಸೇರಿದರೆ ಅದರ ಸಿಬ್ಬಂದಿಯ ಸಂಬಳ, ದುರಸ್ತಿ, ತಪಾಸಣೆಯ ಹೊರೆ ಪಾರ್ಕ್ ಇರುವವರೆಗೂ ತಪ್ಪದು. ಹಳೆಯದನ್ನು ತೆಗೆದು ಹೊಸದನ್ನು ಇಟ್ಟರೆ ಆ ಹೊರೆ ಹೆಚ್ಚೂಕಡಿಮೆ ಇದ್ದಷ್ಟೇ ಇರುತ್ತದೆ.

ಆದರೆ ಈ ಲೆಕ್ಕದಲ್ಲಿ ಸಂದರ್ಶಕನ ಪಾಲು ಕಾಣುವುದಿಲ್ಲ. ಹೊಸ ರೈಡ್ ಹೆಚ್ಚು ಜನರನ್ನು ಸೆಳೆಯುತ್ತದೆ. ಅವರು ನಿಲ್ಲಬೇಕಾದ ಜಾಗ ಮಾತ್ರ ಹಿಂದಿನಷ್ಟೇ. ಕಾಮಗಾರಿ ನಡೆಯುವ ವರ್ಷಗಳಲ್ಲಂತೂ ಅದೇ ಟಿಕೆಟ್ ಹಣಕ್ಕೆ ನೋಡಲು ಸಿಗುವುದು ಕಡಿಮೆ, ಉಳಿದ ರೈಡ್‌ಗಳ ಮುಂದೆ ಕ್ಯೂ ಉದ್ದ. ಮಕ್ಕಳು ಓಡಾಡುವ, ಹಿರಿಯರು ನೆರಳಲ್ಲಿ ಕೂರುವ ದ್ವೀಪದಂಥ ತಾಣಕ್ಕೆ ಕ್ಯೂ ಇರುವುದಿಲ್ಲ. ಹಾಗಾಗಿ ಅದನ್ನು ಯಾರೂ ಬಯಸುವುದಿಲ್ಲ ಎಂದು ಆಡಳಿತ ತೀರ್ಮಾನಿಸುವುದು ಸುಲಭ. ವಾಸ್ತವದಲ್ಲಿ, ಜನಸಂದಣಿಯ ಒಂದು ಭಾಗವನ್ನು ಸದ್ದಿಲ್ಲದೆ ಹೀರಿಕೊಳ್ಳುವುದೇ ಅದರ ಕೆಲಸ.

ಬದಲಿಸುವುದೇ ಸರಿಯಾದ ಸಂದರ್ಭಗಳೂ ಇವೆ. ಒರ್ಲ್ಯಾಂಡೊದ ಯೂನಿವರ್ಸಲ್ ಸ್ಟುಡಿಯೋಸ್ ಪಾರ್ಕ್ 2012ರ ಆರಂಭದಲ್ಲಿ ‘ಜಾಸ್’ ರೈಡ್ ಮುಚ್ಚಿತು. 2014ರ ಜುಲೈನಲ್ಲಿ ಅಲ್ಲಿ ಹ್ಯಾರಿ ಪಾಟರ್ ಕಥೆಯ ‘ಡೈಯಾಗನ್ ಆಲಿ’ ತೆರೆಯಿತು. ಸುತ್ತ ರಸ್ತೆ, ಕಟ್ಟಡಗಳು ಒತ್ತಿನಿಂತ ಆ ಪಾರ್ಕ್‌ಗೆ ಬೇರೆ ದಾರಿ ಕಡಿಮೆ. ಇನ್ನೂ ಹಿಗ್ಗಬೇಕಾದಾಗ ಕಂಪನಿ ಬೇರೆಡೆ ಜಮೀನಿನಲ್ಲಿ ‘ಎಪಿಕ್ ಯೂನಿವರ್ಸ್’ ಎಂಬ ಇಡೀ ಪಾರ್ಕನ್ನೇ ಕಟ್ಟಿ 2025ರ ಮೇ 22ರಂದು ತೆರೆಯಿತು. ಡಿಸ್ನಿಯ ‘ಸ್ಪ್ಲಾಶ್ ಮೌಂಟನ್’ನದು ನಡುವಿನ ದಾರಿ. ಅದರ ಕಥೆಗೆ ಮೂಲವಾದ 1946ರ ‘ಸಾಂಗ್ ಆಫ್ ದ ಸೌತ್’ ಸಿನಿಮಾ ಕಪ್ಪು ಜನರನ್ನು ತೋರಿಸಿದ ರೀತಿಗೆ ಟೀಕೆಗೆ ಗುರಿಯಾಗಿತ್ತು. ನೀರಿನ ಕಾಲುವೆಯನ್ನು ಉಳಿಸಿಕೊಂಡು, ಕಥೆ ಮತ್ತು ಅಲಂಕಾರವನ್ನಷ್ಟೇ ಬದಲಿಸಿದ ಆ ರೈಡ್ ಫ್ಲಾರಿಡಾದಲ್ಲಿ 2024ರ ಜೂನ್‌ನಲ್ಲಿ ‘ಟಿಯಾನಾಸ್ ಬಾಯೂ ಅಡ್ವೆಂಚರ್’ ಆಗಿ ಮರಳಿತು.

ನದಿಗೆ ಇಂಥ ಯಾವ ಕಾರಣವೂ ಅನ್ವಯಿಸುವುದಿಲ್ಲ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಬೇಲಿಯವರೆಗೂ ಹೋಟೆಲ್‌ಗಳು ಬಂದು ಕೂತದ್ದನ್ನು ಕಂಡಿದ್ದ ವಾಲ್ಟ್ ಡಿಸ್ನಿ, ಆ ಇಕ್ಕಟ್ಟು ಮರುಕಳಿಸಬಾರದೆಂದೇ 1960ರ ದಶಕದಲ್ಲಿ ಫ್ಲಾರಿಡಾದಲ್ಲಿ ಸುಮಾರು 27 ಸಾವಿರ ಎಕರೆ ಕೊಳ್ಳಿಸಿದ್ದರು. ಅದರಲ್ಲಿ ದೊಡ್ಡ ಪಾಲು ಜೌಗು ಮತ್ತು ಸಂರಕ್ಷಿತ ಪ್ರದೇಶ ಎಂಬುದು ನಿಜ. ಆದರೂ ಮ್ಯಾಜಿಕ್ ಕಿಂಗ್‌ಡಮ್‌ನಲ್ಲೇ ‘ಬಿಗ್ ಥಂಡರ್ ಮೌಂಟನ್’ ರೈಡ್‌ನ ಆಚೆ ಖಳಪಾತ್ರಗಳ ವಲಯವೊಂದನ್ನು ಕಟ್ಟುವುದಾಗಿ ಕಂಪನಿಯೇ 2024ರಲ್ಲಿ ಘೋಷಿಸಿದೆ. ಅಂದರೆ ಹಿಗ್ಗಲು ಜಾಗವಿದೆ.

ಇಕ್ಕಟ್ಟಿನ ಡಿಸ್ನಿಲ್ಯಾಂಡ್ ನಡೆದುಕೊಂಡದ್ದೇ ಬೇರೆ. ‘ಸ್ಟಾರ್ ವಾರ್ಸ್’ ವಲಯಕ್ಕೆ 14 ಎಕರೆ ಬೇಕಾದಾಗ ಅದು 2016ರ ಜನವರಿಯಲ್ಲಿ ತನ್ನ ನದಿಯನ್ನು ತಾತ್ಕಾಲಿಕವಾಗಿ ಮುಚ್ಚಿ, ದ್ವೀಪದ ಒಂದು ತುದಿಯನ್ನು ಕತ್ತರಿಸಿ, ಹರಿವಿನ ದಾರಿಯನ್ನು ಬಾಗಿಸಿತು. 2017ರ ಜುಲೈನಲ್ಲಿ ನದಿ ಮತ್ತೆ ತುಂಬಿತು. 2019ರಲ್ಲಿ ಹೊಸ ವಲಯವೂ ತೆರೆಯಿತು. ಅಲ್ಲಿ ‘ಮಾರ್ಕ್ ಟ್ವೇನ್’ ಹಬೆದೋಣಿ ಈಗಲೂ ಓಡುತ್ತಿದೆ.